ಏರುಗಣ್ಣಿನ ಮೀಮಾಂಸೆ: ದೇವರಗುಡ್ಡದ ಏಕದಿನ ಸಕುಟುಂಬ ಚಾರಣ, ಅದರ ಸ್ವರೂಪ ಮತ್ತು ನೆಲೆಗಳು

ಸಕುಟುಂಬ ಚಾರಣವೆಂಬ ವಿದ್ಯಮಾನ ಕನ್ನಡದ ವಿದ್ವತ್ ವಲಯದಲ್ಲಿ ಇದುವರೆಗೆ ಉಂಡಿರುವ ಅವಜ್ಞೆಯನ್ನು ನೆನೆದರೆ ಎಂಥ ಸಂಶೋಧಕನ ಕರುಳೂ ಚುರುಕ್ ಎನ್ನಬೇಕು. ರೊಟ್ಟಿಯ ಸಾಂಸ್ಕೃತಿಕ ರಾಜಕಾರಣದ ಬಗ್ಗೆ, ರಂಗೋಲಿ ಚುಕ್ಕಿಗಳ ನಡುವಣ ಮೌನದ ಬಗ್ಗೆ ಪ್ರಬಂಧ ಮಂಡಿಸಿ, ಚಪ್ಪಾಳೆ, ಶಾಲು, ಪ್ರಯಾಣಭತ್ಯೆ ಮೂರನ್ನೂ ಪಡೆದು ಊರಿಗೆ ಮರಳುವುದು ಇಂದು ಕಷ್ಟವಲ್ಲ. ಆದರೆ ಒಂದು ಮನೆಯ ಏಳೆಂಟು ಮಂದಿ ನಸುಕಿನಲ್ಲೆದ್ದು, ಬುತ್ತಿ ಕಟ್ಟಿಕೊಂಡು, ಗುಡ್ಡ ಏರಿ, ಅದೇ ಬುತ್ತಿಯನ್ನು ಮರದ ಬುಡದಲ್ಲಿ ಬಿಚ್ಚಿ ಉಂಡು, ಹೊತ್ತು ಮುಳುಗುವ ಮೊದಲು ಮನೆಗೆ ಬರುವ ಕ್ರಿಯೆಯ ಸ್ವರೂಪವೇನು, ನೆಲೆಗಳೇನು, ಅದರ ಆಂತರಿಕ ಪಲ್ಲಟಗಳೇನು ಎಂದು ಯಾರೂ ಕೇಳಿಲ್ಲ. ಈ ಶೂನ್ಯವನ್ನು ತುಂಬುವ, ತುಂಬಲಾಗದಿದ್ದರೆ ಅದರ ವಿಸ್ತೀರ್ಣವನ್ನಾದರೂ ಅಳೆಯುವ ಸಂಕಲ್ಪದಿಂದ ಪ್ರಸ್ತುತ ಪ್ರಬಂಧ ಹೊರಟಿದೆ. ಅಧ್ಯಯನದ ಕ್ಷೇತ್ರ ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲುಹಾದಿಯಲ್ಲಿ ಬ್ಯಾಡಗಿಗೂ ರಾಣೆಬೆನ್ನೂರಿಗೂ ನಡುವೆ ಇದೇ ಹೆಸರಿನ ನಿಲ್ದಾಣವಿದೆ. ಗುಡ್ಡದ ಮೇಲೆ ಮಾಲತೇಶನ ಗುಡಿಯಿದೆ. ಸುತ್ತ ಗೋವಿನಜೋಳ, ಹತ್ತಿ, ಮೆಣಸಿನಗಿಡದ ಹೊಲಗಳಿವೆ. ಎವರೆಸ್ಟಿಗಿಂತ ತುಸು ಕಡಿಮೆ ಎತ್ತರವೆಂಬುದನ್ನು ಬಿಟ್ಟರೆ ಪರ್ವತಾರೋಹಣಶಾಸ್ತ್ರಕ್ಕೆ ಬೇಕಾದ ಎಲ್ಲ ಲಕ್ಷಣಗಳೂ ಇಲ್ಲಿ ಸನ್ನಿಹಿತವಾಗಿವೆ.

ಶಾಸ್ತ್ರವೆಂದ ಮೇಲೆ ವರ್ಗೀಕರಣ ಬೇಕು. ವರ್ಗೀಕರಣವಿಲ್ಲದ ಪ್ರಬಂಧವನ್ನು ಪರೀಕ್ಷಕರು ಓದದೆಯೇ ಹಿಂದಿರುಗಿಸುತ್ತಾರೆ. ಇದ್ದದ್ದನ್ನು ಓದದೆಯೇ ಒಪ್ಪಿಕೊಳ್ಳುತ್ತಾರೆ. ಆದ್ದರಿಂದ ಸಕುಟುಂಬ ಚಾರಣಿಗರನ್ನು ಐದು ಗಣಗಳಾಗಿ ವಿಂಗಡಿಸಬಹುದು. ಮೊದಲನೆಯದು ಪೂರ್ವಧಾವಕ ಗಣ: ಹನ್ನೆರಡು ವರ್ಷದೊಳಗಿನವರು, ಎಲ್ಲರಿಗಿಂತ ಮೊದಲು ಮೇಲೆ ಓಡಿ, ನೀರು ಕೇಳಲು ಮತ್ತೆ ಕೆಳಗೆ ಓಡಿಬಂದು, ಗುಡ್ಡವನ್ನು ತಿಳಿಯದೆಯೇ ಎರಡೆರಡು ಸಲ ಏರುವವರು. ಎರಡನೆಯದು ಬುತ್ತಿಧಾರಕ ಗಣ: ಇದರ ಉಪಗಣಗಳಾಗಿ ರೊಟ್ಟಿಧಾರಕ, ಮೊಸರನ್ನಧಾರಕ, ಶೇಂಗಾಹೋಳಿಗೆಧಾರಕ ಎಂಬ ಮೂವರನ್ನು ಗುರುತಿಸಬಹುದು. ಇವರಲ್ಲಿ ಮೊಸರನ್ನದವರ ಡಬ್ಬಿಯ ಮುಚ್ಚಳ ಸಡಿಲವಾಗಿರುವುದು ಸಾರ್ವತ್ರಿಕ ಲಕ್ಷಣ. ಮೂರನೆಯದು ಛಾಯಾನ್ವೇಷಕ ಗಣ: ನೆರಳು ಕಂಡಲ್ಲಿ ಕೂತು ಮಂಡಿಯ ನೋವನ್ನು ಕುರಿತು ಪ್ರವಚನ ನೀಡುವ ಹಿರಿಯರು. ನಾಲ್ಕನೆಯದು ಸ್ವಚಿತ್ರಗ್ರಾಹಕ ಗಣ: ಗುಡ್ಡಕ್ಕೆ ಬೆನ್ನುಮಾಡಿ ನಿಂತು ಗುಡ್ಡ ನೋಡುವವರು. ಐದನೆಯ ಗಣವನ್ನು ಮುಂದೆ ಯಥಾವಕಾಶ ವಿವೇಚಿಸಲಾಗುವುದು. ವರ್ಗೀಕರಣದಲ್ಲಿ ಒಂದನ್ನು ಮುಂದೂಡುವುದು ನಮ್ಮ ಸಂಶೋಧನಾ ಪರಂಪರೆಯ ಮಾನ್ಯ ಪದ್ಧತಿ. ಹಾಗೆ ಮುಂದೂಡಿದ್ದು ಎಂದೂ ಬಾರದಿರುವುದು ಅದರ ಇನ್ನೊಂದು ಅಂಗ.

ಈ ನಾಲ್ಕೂ ಗಣಗಳ ವರ್ತನೆಯನ್ನು ತೌಲನಿಕವಾಗಿ ಪರಿಶೀಲಿಸಿದಾಗ ಒಂದು ಸಮಾನ ಅಂಶ ಹೊಮ್ಮುತ್ತದೆ. ಅದನ್ನು ಈ ಪ್ರಬಂಧ ‘ಏರುಗಣ್ಣು’ ಎಂಬ ಪರಿಕಲ್ಪನೆಯಾಗಿ ಮಂಡಿಸುತ್ತದೆ. ಚಾರಣಕ್ಕೆ ಹೊರಟ ಕುಟುಂಬ ಮನೆಯ ಹೊಸ್ತಿಲು ದಾಟಿದ ಕ್ಷಣದಿಂದ ಮೇಲೆಯೇ ನೋಡುತ್ತದೆ. ವಾಹನದ ಕಿಟಕಿಯಿಂದ ಅದು ಹುಡುಕುವುದು ಗುಡ್ಡದ ತಲೆಯನ್ನು. ಗುಡ್ಡದ ಬುಡದಿಂದ ಹುಡುಕುವುದು ಗುಡಿಯ ಶಿಖರವನ್ನು. ಶಿಖರದ ಬುಡದಿಂದ ಹುಡುಕುವುದು ಕಳಸವನ್ನು. ಕಾಡುಪ್ರಾಣಿಗಳೆಲ್ಲ ಎತ್ತರದಲ್ಲಿ, ದಟ್ಟ ಮರಗಳ ನಡುವೆ, ಮಂಜು ಮುಸುಕಿದ ಕಡೆ ಇರುತ್ತವೆಂದು ಪಠ್ಯಪುಸ್ತಕವೂ ಕ್ಯಾಲೆಂಡರ್ ಚಿತ್ರವೂ ಅದಕ್ಕೆ ಕಲಿಸಿವೆ. ದೇವರಗುಡ್ಡದಲ್ಲಿ ಮಂಜೂ ಇಲ್ಲ, ದಟ್ಟ ಮರವೂ ಇಲ್ಲ, ಆದ್ದರಿಂದ ಪ್ರಾಣಿಯೂ ಇಲ್ಲ ಎಂಬುದು ಈ ತರ್ಕದ ಫಲಿತ. ಬುತ್ತಿಗೆ ಕೈ ಹಾಕಿದ ಮಂಗವೊಂದನ್ನು ವನ್ಯಜೀವಿ ದರ್ಶನದ ಲೆಕ್ಕಕ್ಕೆ ಬರೆದುಕೊಂಡು, ನಿಜವಾದ ಕಾಡು ನೋಡಬೇಕಾದರೆ ದಾಂಡೇಲಿಗೆ ಹೋಗಬೇಕಪ್ಪ, ಇಲ್ಲ ಚಿಕ್ಕಮಗಳೂರಿಗೆ ಹೋಗಬೇಕು ಎಂದು ಛಾಯಾನ್ವೇಷಕ ಗಣದವರೊಬ್ಬರು ತೀರ್ಪು ಕೊಡುತ್ತಾರೆ. ಎಲ್ಲರೂ ಒಪ್ಪಿ ಇಳಿಯುತ್ತಾರೆ.

ಹೀಗೆ ಇಳಿಯುವವರ ಕಣ್ಣಿಗೆ ಬೀಳದೆ ಉಳಿಯುವುದು ಏನು? ಅದೇ ತಾಲ್ಲೂಕಿನಲ್ಲಿ 1974ರಲ್ಲಿ ಘೋಷಣೆಯಾದ, 119 ಚದರ ಕಿಲೋಮೀಟರ್ ಹರಹಿನ ಕೃಷ್ಣಮೃಗ ಅಭಯಾರಣ್ಯವಿದೆ. ನಮ್ಮ ಕಡೆ ಅದನ್ನು ಕೃಷ್ಣಮೃಗ ಎನ್ನುವವರು ಅರಣ್ಯ ಇಲಾಖೆಯವರು ಮತ್ತು ಪ್ರಬಂಧಕಾರರು ಮಾತ್ರ. ಹೊಲದವರ ಬಾಯಲ್ಲಿ ಅದು ಚಿಗರಿ. ಹುಬ್ಬಳ್ಳಿ-ಧಾರವಾಡದ ತ್ವರಿತ ಸಾರಿಗೆ ಬಸ್ಸಿಗೂ ಇಟ್ಟಿರುವುದು ಇದೇ ಹೆಸರನ್ನು. ದಿನಕ್ಕೆ ಸಾವಿರಾರು ಮಂದಿ ಚಿಗರಿಯೊಳಗೆ ಕೂತು ಓಡಾಡುತ್ತಾರೆ, ಚಿಗರಿಯನ್ನು ನೋಡಿದವರು ಅವರಲ್ಲಿ ಎಷ್ಟು ಮಂದಿಯೋ. ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗ ಮುಟ್ಟಬಲ್ಲ, ಸುರುಳಿ ಸುತ್ತಿದ ಕೋಡಿನ, ಬೆನ್ನು ಕಪ್ಪು ಹೊಟ್ಟೆ ಬಿಳುಪಿನ ಈ ಮೃಗಕ್ಕೆ ಎತ್ತರವೂ ಬೇಡ, ದಟ್ಟಡವಿಯೂ ಬೇಡ. ಅದರ ರಕ್ಷಣೆಯೆಲ್ಲ ಕಣ್ಣಿನಲ್ಲಿ ಮತ್ತು ಕಾಲಿನಲ್ಲಿ. ದೂರದ ತೋಳವನ್ನು ಕಂಡು ಓಡಲು ಬಯಲು ಬೇಕು, ಮೇಯಲು ಗಿಡ್ಡ ಹುಲ್ಲು ಬೇಕು. ತೋಳವೂ ಬಯಲಿನದೇ, ನರಿ ಬಯಲಿನದೇ, ಕತ್ತೆಕಿರುಬ ಬಯಲು ಮತ್ತು ಕುರುಚಲಿನದು. ಹಾಗಾಗಿ ಸಕುಟುಂಬ ಚಾರಣದ ಮೂಲಭೂತ ವಿರೋಧಾಭಾಸವನ್ನು ಹೀಗೆ ಸೂತ್ರೀಕರಿಸಬಹುದು: ವನ್ಯಜೀವಿಯನ್ನು ಅರಸಿ ಕುಟುಂಬವು ಎಷ್ಟೆಷ್ಟು ಮೇಲೆ ಏರುತ್ತದೋ ಅಷ್ಟಷ್ಟು ಅದು ವನ್ಯಜೀವಿಯಿಂದ ದೂರವಾಗುತ್ತದೆ. ಈ ಸೂತ್ರವನ್ನು ಯಾವುದಾದರೂ ವಿಶ್ವವಿದ್ಯಾಲಯ ಅಂಗೀಕರಿಸುವವರೆಗೆ ಇದನ್ನು ವಿಲೋಮಾನುಪಾತ ನಿಯಮವೆಂದು ಕರೆಯೋಣ.

ಇಲ್ಲಿ ಒಂದು ಆಕ್ಷೇಪ ಬರಬಹುದು. ದೇವರಗುಡ್ಡ ಗುಡ್ಡವೇ ಹೊರತು ಪರ್ವತವಲ್ಲ. ಮುಳ್ಳಯ್ಯನಗಿರಿಯ 1,930 ಮೀಟರಿನ ಮುಂದೆ ಇದನ್ನಿಟ್ಟು ಪರ್ವತ ಚಾರಣದ ಸಿದ್ಧಾಂತ ಕಟ್ಟುವುದು ಉಚಿತವೇ ಎಂದು ಕೇಳಬಹುದು. ಸಹ್ಯಾದ್ರಿಯ ಮಗ್ಗುಲಲ್ಲಿ ಮನೆ ಇರುವ ವಿದ್ವಾಂಸರು ಈ ಪ್ರಶ್ನೆ ಕೇಳುವಾಗ ಅವರ ಹುಬ್ಬು ತಾನಾಗಿ ಮೇಲೇರುತ್ತದೆ. ಹುಬ್ಬಿನ ಆ ಏರಿಕೆಯೇ ನಮ್ಮ ಸಿದ್ಧಾಂತಕ್ಕೆ ಸಾಕ್ಷ್ಯ. ಎತ್ತರಕ್ಕೆ ಒಂದು ಮರ್ಯಾದೆ, ತಗ್ಗಿಗೆ ಒಂದು ಮರ್ಯಾದೆ ಎಂಬ ತಾರತಮ್ಯ ಕುಟುಂಬದಲ್ಲಿ ಹುಟ್ಟಿದ್ದಲ್ಲ. ಮಳೆಕಾಡಿಗೆ ಕೊಟ್ಟ ಗೌರವದಲ್ಲಿ ಹತ್ತರಲ್ಲೊಂದು ಪಾಲನ್ನೂ ಹುಲ್ಲುಗಾವಲಿಗೆ ಕೊಡದ ನಮ್ಮ ಪರಿಸರ ಸಾಹಿತ್ಯವೂ ಅದರಲ್ಲಿ ಪಾಲುದಾರ. ಮಲೆನಾಡಿಗೆ ಸಿಕ್ಕಂತಹ ಕಥೆಗಾರರು ಬಯಲುಸೀಮೆಯ ಹುಲ್ಲಿಗೆ ಸಿಗಲಿಲ್ಲ. ಮಳೆ ಸುರಿದರೆ ವರ್ಣನೆ, ಮಳೆ ತಪ್ಪಿದರೆ ವರದಿ ಎಂಬಂತಾಯಿತು. ದೇವರಗುಡ್ಡ ಪರ್ವತವಲ್ಲ ಎಂಬ ಆಕ್ಷೇಪವನ್ನು ಆದ್ದರಿಂದ ಈ ಪ್ರಬಂಧ ಸಂತೋಷದಿಂದ ಒಪ್ಪಿ, ತನ್ನ ಪರವಾಗಿ ದಾಖಲಿಸಿಕೊಳ್ಳುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಅಲ್ಲಿಗೆ ಹೋಗುವವರು ಭಕ್ತರು, ಚಾರಣಿಗರಲ್ಲ; ಅವರ ಕಾಲಲ್ಲಿ ಬೂಟಿಲ್ಲ, ಬೆನ್ನಿಗೆ ಚೀಲವಿಲ್ಲ, ಕೈಯಲ್ಲಿ ಮಡಚುವ ಕೋಲಿಲ್ಲ. ಬರಿಗಾಲಲ್ಲಿ ಗುಡ್ಡ ಏರಿದರೆ ಹರಕೆ, ಬೂಟು ಹಾಕಿ ಏರಿದರೆ ಚಾರಣ ಎಂಬ ಈ ವಿಭಜನೆಯನ್ನು ಕಟ್ಟಿದವರಿಗೆ ಬೂಟು ಮಾರುವವರು ಕೃತಜ್ಞರಾಗಿರಬೇಕು. ಮಾಲತೇಶನ ಒಕ್ಕಲಿನವರು ಚಕ್ಕಡಿ ಕಟ್ಟಿ, ಮಕ್ಕಳು ಮರಿ ಸಮೇತ, ರೊಟ್ಟಿ ಗಂಟಿನೊಡನೆ ಈ ಗುಡ್ಡಕ್ಕೆ ಬರುತ್ತಿದ್ದ ಕಾಲದಲ್ಲಿ ಚಾರಣವೆಂಬ ಇಲಾಖಾ ವಿಭಾಗ ಇರಲಿಲ್ಲ. ಆ ದೇವರ ಗೊರವರನ್ನೇ ನೋಡಿ. ಕಂಬಳಿ ಹೊದ್ದು, ಡಮರು ಹಿಡಿದು, ಭಂಡಾರದ ಚೀಲ ಸೊಂಟಕ್ಕೆ ಕಟ್ಟಿ ಊರೂರು ತಿರುಗುವ ಇವರು ಜಾತ್ರೆಯಲ್ಲಿ ದೇವರ ನಾಯಿಗಳಾಗುತ್ತಾರೆ; ನಾಯಿಯಂತೆ ಬೊಗಳುತ್ತ ದೋಣಿಯೆಂಬ ಪಾತ್ರೆಯಲ್ಲಿ ಹಾಕಿದ ಹಾಲು ತುಪ್ಪದ ಎಡೆಗೆ ಬಾಯಿ ಹಾಕುತ್ತಾರೆ. ಇದನ್ನು ‘ಮನುಷ್ಯಕೇಂದ್ರಿತ ಸಂಕಥನದ ನಿರಚನೆ’ ಎಂದು ಕರೆದು ಒಂದು ಪಿಎಚ್.ಡಿ. ಮಾಡಬಹುದು. ಕುರಿಹಟ್ಟಿಯಲ್ಲಿ ರಾತ್ರಿ ಕಳೆದವರಿಗೆ ನಾಯಿಯ ಬೆಲೆ ಗೊತ್ತು, ತೋಳದ ಬೆಲೆಯೂ ಗೊತ್ತು ಎಂದು ನೇರವಾಗಿ ಹೇಳಿದರೆ ಡಿಗ್ರಿ ಸಿಗುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಕಾರ್ಣಿಕ. ದಸರೆಯ ಹೊತ್ತಿಗೆ, ಉಪವಾಸವಿದ್ದ ಗೊರವಯ್ಯ ಜನಸ್ತೋಮದ ನಡುವೆ ನಿಲ್ಲಿಸಿದ ಬಿಲ್ಲನ್ನು ಏರಿ, ಸದ್ದಡಗಿಸಿ, ಮುಗಿಲನ್ನೊಮ್ಮೆ ನೋಡಿ, ಒಂದೇ ಒಂದು ವಾಕ್ಯ ನುಡಿದು, ಮರುಕ್ಷಣ ಕೆಳಕ್ಕೆ ಬೀಳುತ್ತಾನೆ. ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಮರುದಿನದ ಪತ್ರಿಕೆಗಳಲ್ಲಿ ಆ ವಾಕ್ಯಕ್ಕೆ ಮಳೆಯ ಅರ್ಥ, ಬೆಳೆಯ ಅರ್ಥ, ಮುಖ್ಯಮಂತ್ರಿ ಕುರ್ಚಿಯ ಅರ್ಥ ಬರುತ್ತವೆ. ಏರುಗಣ್ಣಿನ ಸಿದ್ಧಾಂತಕ್ಕೆ ಇದು ಮೇಲ್ನೋಟಕ್ಕೆ ಪ್ರತಿಕೂಲ ಸಾಕ್ಷ್ಯ: ಎಲ್ಲರ ಕಣ್ಣೂ ಮೇಲಿದೆಯಲ್ಲ! ಆದರೆ ಗೊರವಯ್ಯ ಏರುವುದು ಎತ್ತರದ ಸುದ್ದಿ ಹೇಳುವುದಕ್ಕಲ್ಲ, ನೆಲದ ಸುದ್ದಿ ಹೇಳುವುದಕ್ಕೆ. ಹೇಳಿದ ಮೇಲೆ ಅಲ್ಲೇ ಕುರ್ಚಿ ಹಾಕಿಕೊಂಡು ಕೂರುವುದೂ ಇಲ್ಲ. ಸ್ವತಃ ಮಾಲತೇಶನೇ, ಅಂದರೆ ಮೈಲಾರನೇ, ಏಳುಕೋಟಿ ಪರಿವಾರದೊಡನೆ ಮೇಲಿನಿಂದ ಇಳಿದು ಬಂದು ಮಣಿಮಲ್ಲಾಸುರರನ್ನು ಕೊಂದನೆಂಬುದು ಐತಿಹ್ಯ. ದೇವರು ಇಳಿಯುತ್ತಾನೆ, ಕುಟುಂಬ ಏರುತ್ತದೆ. ಇಬ್ಬರೂ ನಡುದಾರಿಯಲ್ಲಿ ಒಬ್ಬರನ್ನೊಬ್ಬರು ಗಮನಿಸದೆ ದಾಟಿಹೋಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಇಷ್ಟಾಗಿ, ಗೊರವಯ್ಯನ ಒಂದು ವಾಕ್ಯವನ್ನು ಲಕ್ಷ ಮಂದಿ ವರ್ಷವಿಡೀ ಬಿಡಿಸಿ ಬಿಡಿಸಿ ನೋಡುತ್ತಾರೆ. ಸಂಕಿರಣದಲ್ಲಿ ಓದಿದ ಮೂವತ್ತು ಪುಟಗಳ ಪ್ರಬಂಧವನ್ನು ಊಟದ ಗಂಟೆ ಬಾರಿಸಿದ ಮೇಲೆ ಅದನ್ನು ಬರೆದವನೂ ನೆನಪಿಟ್ಟುಕೊಳ್ಳುವುದಿಲ್ಲ. ನೆರೆಯ ಬ್ಯಾಡಗಿಯ ಮೆಣಸಿನಕಾಯಿಗೆ ಕೆಂಪು ಜಾಸ್ತಿ, ಖಾರ ಕಡಿಮೆ. ನಮ್ಮ ವಿದ್ವತ್ ಗದ್ಯವೂ ಅದೇ ತಳಿ. ವ್ಯತ್ಯಾಸವೆಂದರೆ ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು, ಪೇಟೆಯಲ್ಲಿ ಅದಕ್ಕೆ ದರವೂ ಇದೆ.

ಈಗ ಸಿದ್ಧಾಂತದ ವಿಸ್ತರಣೆಗೆ ಬರೋಣ. ಸರ್ಕಾರವೂ ಒಂದು ಕುಟುಂಬ ಎಂದು ಭಾಷಣಗಳಲ್ಲಿ ಕೇಳಿದ್ದೇವೆ. ಹಾಗಾದರೆ ಅದು ಚಾರಣಕ್ಕೆ ಹೋದ ಕುಟುಂಬ. ಅದಕ್ಕೂ ಏರುಗಣ್ಣಿನ ಬೇನೆ ತಗುಲಿದೆ. ರಾಣೆಬೆನ್ನೂರಿನ ಬಯಲನ್ನು ಅದು ನೋಡಿದಾಗ ಅದಕ್ಕೆ ಕಂಡದ್ದೇನು? ಮರವಿಲ್ಲದ ನೆಲ. ಮರವಿಲ್ಲ ಎಂದರೆ ಏನೂ ಇಲ್ಲ. ಏನೂ ಇಲ್ಲದ ನೆಲಕ್ಕೆ ಕಡತದಲ್ಲಿ ಪಾಳುಭೂಮಿ ಎಂಬ ಖಾನೆ ಸಿದ್ಧವಾಗಿತ್ತು. ದೇಶದ ಮಟ್ಟದಲ್ಲಿ 1985ರಲ್ಲಿ ಪಾಳುಭೂಮಿ ಅಭಿವೃದ್ಧಿಗೆಂದೇ ಒಂದು ಮಂಡಳಿ ಬಂತು. ಆಮೇಲೆ ಉಪಗ್ರಹದ ಚಿತ್ರ ನೋಡಿ ಪಾಳುಭೂಮಿಯ ನಕಾಶೆಪುಸ್ತಕಗಳೂ ಬಂದವು. ಮೇಲಿನಿಂದ ನೋಡಿದರೆ ಹುಲ್ಲು ಕಾಣುವುದಿಲ್ಲವೆಂಬುದಕ್ಕೆ ಇದಕ್ಕಿಂತ ಎತ್ತರದ ಪುರಾವೆ ಬೇಕೆ? ಆ ಮಂಡಳಿ ಬರುವುದಕ್ಕೂ ಮೊದಲೇ ಇಲ್ಲಿ ಬಯಲನ್ನು ಕಾಡು ಮಾಡುವ ಕೆಲಸ ಶುರುವಾಗಿತ್ತು. ಹುಲ್ಲಿದ್ದ ಕಡೆ ನೀಲಗಿರಿ ಬಂತು. ಅಭಯಾರಣ್ಯವೆಂದು ಘೋಷಿಸಿದ ಜಾಗದಲ್ಲೇ ಸಾಲು ಸಾಲು ನೀಲಗಿರಿ ನಿಂತಿತು. ಬಯಲಿನ ಪ್ರಾಣಿಯ ಹೆಸರಿನಲ್ಲಿ ಕಾದಿಟ್ಟ ನೆಲದಲ್ಲಿ ಬಯಲನ್ನೇ ಇಲ್ಲವಾಗಿಸುವ ಈ ಕ್ರಿಯೆಗೆ ‘ಅರಣ್ಯೀಕರಣ’ ಎಂದು ಹೆಸರು. 119 ಚದರ ಕಿಲೋಮೀಟರಿನಲ್ಲಿ ಗರ್ಭವಲಯವೆಂದು ಉಳಿಸಿಕೊಂಡದ್ದು 14.87. ಮಿಕ್ಕದ್ದರ ವಲಯಗಳನ್ನು ವಿವರಿಸಲು ಮತ್ತೊಂದು ವರ್ಗೀಕರಣ ಬೇಕಾಗುತ್ತದೆ. ಮೇಲೆ ಹೇಳಿದ ಐದನೆಯ ಗಣವನ್ನು ಇಲ್ಲಿ ತರಬೇಕೆಂದಿತ್ತು. ಬೇಡ. ಗಣಗಳ ಆಟ ಸಾಕು.

ಏಕೆಂದರೆ ಇಲ್ಲಿ ಎರೆಭೂತ ಇತ್ತು. ಸುಮಾರು ಒಂದು ಮೀಟರ್ ಎತ್ತರದ, ಹದಿನೈದು ಕಿಲೋ ತೂಗಬಲ್ಲ, ಹಾರುವ ಹಕ್ಕಿಗಳಲ್ಲೇ ಅತಿ ಭಾರದವುಗಳಲ್ಲಿ ಒಂದು. ರಾಣೆಬೆನ್ನೂರಿನ ಅಭಯಾರಣ್ಯ ಆದದ್ದು ಚಿಗರಿಗಾಗಿ ಮಾತ್ರವಲ್ಲ, ಈ ಹಕ್ಕಿಗಾಗಿಯೂ. ರಾಷ್ಟ್ರಪಕ್ಷಿಯನ್ನು ಆರಿಸುವಾಗ ಪಕ್ಷಿತಜ್ಞ ಸಲೀಂ ಅಲಿ ಇದರ ಪರವಾಗಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು. ಎರೆಭೂತ ಗೂಡು ಕಟ್ಟುವುದಿಲ್ಲ, ಮರ ಏರುವುದಿಲ್ಲ. ಬಯಲಿನ ನೆಲದ ಮೇಲೆ ಸಾಮಾನ್ಯವಾಗಿ ವರ್ಷಕ್ಕೆ ಒಂದು ಮೊಟ್ಟೆ ಇಡುತ್ತದೆ. ಒಂದೇ. ಆ ಒಂದು ಮೊಟ್ಟೆಗೆ ಬೇಕಾದದ್ದು ಯಾರೂ ಏನೂ ನೆಡದ ಒಂದಿಷ್ಟು ನೆಲ. ಅಷ್ಟನ್ನು ಕೊಡಲು ನಮ್ಮಿಂದ ಆಗಲಿಲ್ಲ. ಏನಾದರೂ ನೆಡದಿದ್ದರೆ ಅನುದಾನ ಖರ್ಚಾಗುವುದಿಲ್ಲ, ಖರ್ಚಾಗದ ಅನುದಾನ ಹಿಂದಕ್ಕೆ ಹೋಗುತ್ತದೆ, ಹಿಂದಕ್ಕೆ ಹೋದರೆ ಮೇಲಿನವರು ಕೇಳುತ್ತಾರೆ. ಹಕ್ಕಿ ಕೇಳುವುದಿಲ್ಲ. ಇವತ್ತು ದೇಶದಲ್ಲೆಲ್ಲ ಹುಡುಕಿದರೂ ಬಯಲಲ್ಲಿ ಉಳಿದಿರುವ ಎರೆಭೂತಗಳು ಇನ್ನೂರು ದಾಟುವುದಿಲ್ಲ, ಅವುಗಳಲ್ಲಿ ಬಹುಪಾಲು ರಾಜಸ್ಥಾನದಲ್ಲಿ. ಕರ್ನಾಟಕದಲ್ಲಿ ಬಳ್ಳಾರಿಯ ಸಿರುಗುಪ್ಪದ ಕಡೆ ಬೆರಳೆಣಿಕೆಯ ಹಕ್ಕಿಗಳ ಮಾತಿದೆ. ರಾಣೆಬೆನ್ನೂರಿನ ಅಭಯಾರಣ್ಯದ ಫಲಕದಲ್ಲಿ, ಕೈಪಿಡಿಯಲ್ಲಿ, ಸಾಮಾನ್ಯಜ್ಞಾನದ ಗೈಡುಗಳಲ್ಲಿ ಅದರ ಹೆಸರು ಇನ್ನೂ ಇದೆ. ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ‘ಎರೆಭೂತ ಎಲ್ಲಿದೆ’ ಎಂದು ಕೇಳಿದರೆ ರಾಣೆಬೆನ್ನೂರು ಎಂದು ಬರೆದ ಹುಡುಗನಿಗೆ ಒಂದು ಅಂಕ ಸಿಗುತ್ತದೆ. ಹಕ್ಕಿ ಮಾತ್ರ ಇಲ್ಲ.

ವಿದ್ವತ್ತಿನ ಸ್ಥಾಯಿಗೆ ಮರಳಬೇಕು, ಆಕ್ಷೇಪಗಳಿನ್ನೂ ಮುಗಿದಿಲ್ಲ. ನೀಲಗಿರಿಯ ಮೇಲೆಯೇ ಎಲ್ಲ ಹೊರೆ ಹಾಕುವುದು ಸರಿಯಲ್ಲ ಎಂಬುದು ಅವುಗಳಲ್ಲಿ ನ್ಯಾಯವಾದದ್ದು. ಎರೆಭೂತವನ್ನು ಬೇಟೆಯಾಡಿದವರಿದ್ದರು, ಅದರ ಬಯಲನ್ನು ಉತ್ತು ಹೊಲ ಮಾಡಿದವರಿದ್ದರು, ನೀರಾವರಿ ಬಂದು ಬೆಳೆಯ ಬಗೆ ಬದಲಾಯಿತು, ತಂತಿ ಬೇಲಿ ಬಂತು, ವಿದ್ಯುತ್ ತಂತಿ ಬಂತು, ಬೀದಿನಾಯಿ ಬಂತು. ಭಾರತದುದ್ದಕ್ಕೂ ಈ ಹಕ್ಕಿ ಕಳೆದುಹೋದದ್ದು ಇಂಥ ಹಲವು ಕಾರಣಗಳ ಕೂಡಾಟದಿಂದ. ಒಪ್ಪೋಣ. ಆದರೆ ಉಳಿದ ಹಲವು ಕಡೆ ಅದನ್ನು ಕಳೆದುಕೊಂಡದ್ದು ಅಲಕ್ಷ್ಯದಿಂದ; ಇಲ್ಲಿ ಕಳೆದುಕೊಂಡದ್ದು ರಕ್ಷಣೆಯ ಹೆಸರು ಹಚ್ಚಿದ ನೆಲದಲ್ಲಿ ಎಂಬ ವ್ಯತ್ಯಾಸವನ್ನು ಒರೆಸಿಹಾಕಲು ಆಗದು. ಇನ್ನೊಂದು ಆಕ್ಷೇಪ, ನೀಲಗಿರಿಯ ನಡುವೆಯೂ ಚಿಗರಿ ಹೆಚ್ಚಿದೆಯಲ್ಲ ಎಂಬುದು. ನಿಜ, ಬೇಟೆ ನಿಂತ ಮೇಲೆ ಚಿಗರಿ ಸಾವಿರಗಳ ಲೆಕ್ಕದಲ್ಲಿ ಹೆಚ್ಚಿತು. ಅದು ಹಟದ ಪ್ರಾಣಿ. ನೀಲಗಿರಿಯಲ್ಲಿ ಹಗಲು ಮಲಗಿ ಹೊಲದಲ್ಲಿ ಮೇಯುವುದನ್ನು ಕಲಿಯಿತು. ಒಬ್ಬ ಬಾಡಿಗೆದಾರ ಹೊಂದಿಕೊಂಡನೆಂದು ಮನೆ ಚೆನ್ನಾಗಿದೆ ಎನ್ನಲಾಗದು, ಇನ್ನೊಬ್ಬ ಮನೆ ಬಿಟ್ಟೇ ಹೋಗಿರುವಾಗ.

ಹಾಗೆ ಹೊಂದಿಕೊಂಡದ್ದರ ಬೆಲೆ ಕಟ್ಟುವವರು ಯಾರು? ಇದಕ್ಕೆ ಉತ್ತರ ಸಂಕಿರಣದಲ್ಲಿ ಸಿಗುವುದಿಲ್ಲ, ಗೋವಿನಜೋಳದ ಹೊಲದ ಬದುವಿನಲ್ಲಿ ಸಿಗುತ್ತದೆ. ಮುಂಗಾರಿನ ಮೊಳಕೆ ಗೇಣುದ್ದ ಎದ್ದ ಹೊತ್ತಿಗೆ ಹಿಂಡು ಬಂದರೆ ಬೆಳಗಾಗುವುದರೊಳಗೆ ಸಾಲು ಬೋಳು. ಮತ್ತೆ ಬಿತ್ತಬೇಕು, ಬೀಜದ ಪಾಕೀಟಿಗೆ ಮತ್ತೆ ದುಡ್ಡು, ಅದೂ ಬೀಜದ ವ್ಯಾಪಾರಕ್ಕೇ ಹೆಸರಾದ ರಾಣೆಬೆನ್ನೂರಿನಲ್ಲಿ. ಪರಿಹಾರದ ಅರ್ಜಿ, ಪಹಣಿ, ಫೋಟೋ, ಪಂಚನಾಮೆ ಎಂದು ಅಲೆಯುವುದರಲ್ಲಿ ಎರಡನೆಯ ಬಿತ್ತನೆಯ ಹದವೂ ತಪ್ಪುತ್ತದೆ. ರೈತನಿಗೆ ಚಿಗರಿಯ ಮೇಲೆ ಸಿಟ್ಟು ಬಂದರೆ ಪಟ್ಟಣದ ಪರಿಸರಪ್ರೇಮಿಗೆ ರೈತನ ಮೇಲೆ ಸಿಟ್ಟು ಬರುತ್ತದೆ; ಇಬ್ಬರ ನಡುವೆ ಚಿಗರಿಯ ಹುಲ್ಲನ್ನು ತೆಗೆದವರು ಯಾರೆಂಬ ಪ್ರಶ್ನೆ ಮಾತ್ರ ಯಾರಿಗೂ ಬರುವುದಿಲ್ಲ. ನೀಲಗಿರಿಯ ಕೆಳಗೆ ಹಿಂದಿನ ಹುಲ್ಲು ಎದ್ದೀತೇ? ನೆಲದ ತೇವ ಮೊದಲೇ ಅಷ್ಟಕ್ಕಷ್ಟೇ ಇರುವ ಸೀಮೆಯಲ್ಲಿ ಈ ಮರ ತನ್ನ ಪಾಲಿನ ಜೊತೆಗೆ ಹುಲ್ಲಿನ ಪಾಲನ್ನೂ ಕುಡಿಯುತ್ತದೆ. ಹಸಿವಾದ ಮೃಗಕ್ಕೆ ಬೇಲಿಯಾಚೆಯ ಹಸಿರೇ ಹುಲ್ಲು. ಅದರ ಕಣ್ಣಿನಲ್ಲಿ ಅದು ಕಳ್ಳತನವಲ್ಲ, ಸ್ಥಳಾಂತರ.

ಇದೆಲ್ಲ ಈಗ ಹೊಳೆದ ಬುದ್ಧಿ, ಆಗ ಯಾರಿಗೂ ಗೊತ್ತಿರಲಿಲ್ಲ ಎಂಬುದು ಕೊನೆಯ ಆಕ್ಷೇಪ. ಗೊತ್ತಿತ್ತು. ಇದೇ ತಾಲ್ಲೂಕಿನ ಕುಮಾರಪಟ್ಟಣದಲ್ಲಿ ತುಂಗಭದ್ರೆಯ ದಂಡೆಗೆ ಮರದ ತಿರುಳಿನ ಕಾರ್ಖಾನೆಯಿತ್ತು. ಅದಕ್ಕೆ ಮರ ಒದಗಿಸಲು 1984ರಲ್ಲಿ ಸರ್ಕಾರ ಮತ್ತು ಕಾರ್ಖಾನೆ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಕಟ್ಟಿದವು. ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ನೆಲದಲ್ಲಿ ನೀಲಗಿರಿ ಬೆಳೆಸುವ ಯೋಜನೆಯದು. ಜನ ದನ ಮೇಯಿಸುತ್ತಿದ್ದ, ಕಟ್ಟಿಗೆ ಆಯುತ್ತಿದ್ದ ಗೋಮಾಳಗಳಂತಹ ನೆಲ. ಸಮಾಜ ಪರಿವರ್ತನ ಸಮುದಾಯವೆಂಬ ಸಂಘಟನೆಯವರು ಇದರ ವಿರುದ್ಧ ಎದ್ದರು. ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಶಿವರಾಮ ಕಾರಂತರೂ ಇದ್ದರು. 1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು ಆ ಜಾಗದಲ್ಲಿ ತಮಗೆ ಬೇಕಾದ ಗಿಡ ನೆಟ್ಟರು. ಆ ಸತ್ಯಾಗ್ರಹದ ಹೆಸರು ಕಿತ್ತಿಕೊ-ಹಚ್ಚಿಕೊ. ಎರಡು ಕ್ರಿಯಾಪದಗಳಲ್ಲಿ ಒಂದು ಅರಣ್ಯನೀತಿ. ಅದರ ಮೇಲೆ ಪರಿಪ್ರೇಕ್ಷ್ಯವಿಲ್ಲ, ಕೆಳಗೆ ಅಡಿಟಿಪ್ಪಣಿಯಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಆ ಕಂಪನಿ ಮುಚ್ಚಿತು. ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ಕುಸನೂರಿನ ಜನರಿಗೆ ಒಂದು ದಿನದಲ್ಲಿ ತಿಳಿದದ್ದು ಕಡತಕ್ಕೆ ತಿಳಿಯಲು ಮೂವತ್ತು ವರ್ಷ ಹಿಡಿಯಿತು. ಆ ಹೊತ್ತಿಗೆ ನೆಟ್ಟದ್ದು ಆಗಿತ್ತು, ಬೇರು ಇಳಿದಾಗಿತ್ತು, ಕಡಿದರೂ ಬುಡದಿಂದ ಚಿಗುರುವ ಜಾತಿ ಬೇರೆ.

ಪ್ರಬಂಧದ ಉಪಸಂಹಾರದಲ್ಲಿ ‘ಪರಿಸರಸ್ನೇಹಿ ಸಮಗ್ರ ಕುಟುಂಬ ಚಾರಣ ವಲಯ’ವೊಂದನ್ನು ಶಿಫಾರಸು ಮಾಡುವುದು ವಾಡಿಕೆ. ಅದರಲ್ಲಿ ಮೆಟ್ಟಿಲಿಗೆ ಟೈಲ್ಸ್, ಸೆಲ್ಫಿಗೆ ಕಟ್ಟೆ, ಸಿಮೆಂಟಿನಲ್ಲಿ ಮಾಡಿದ ಚಿಗರಿ, ಸಿಮೆಂಟಿನಲ್ಲಿ ಮಾಡಿದ ಎರೆಭೂತ, ಸಿಮೆಂಟಿನಲ್ಲೇ ಮಾಡಿ ಕಂದುಬಣ್ಣ ಬಳಿದ ಮರದ ಬೊಡ್ಡೆಯ ಕಸದ ಬುಟ್ಟಿ ಇರಬೇಕು. ಅದನ್ನು ಸೂಚಿಸಿದ್ದರೆ ಈ ಅಧ್ಯಯನಕ್ಕೆ ಧನಸಹಾಯ ಸಿಗುತ್ತಿತ್ತು. ಸೂಚಿಸುವ ಮನಸ್ಸಿಲ್ಲ. ಕುಟುಂಬಗಳ ಮೇಲೆ ಈ ಪ್ರಬಂಧಕ್ಕೆ ದೂರೇನೂ ಇಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಬುತ್ತಿ ಹೊತ್ತು ಗುಡ್ಡ ಏರಿ ಉಂಡು ಇಳಿದವರು ಹುಲ್ಲನ್ನು ತುಳಿದಿರಬಹುದು. ತುಳಿದ ಹುಲ್ಲು ಮಳೆಗೆ ಮತ್ತೆ ಏಳುತ್ತದೆ. ಅವರು ನೋಡದೆ ಹೋದದ್ದು ಅವರ ನಷ್ಟ ಮಾತ್ರ. ನೋಡುವುದಕ್ಕೆಂದೇ ಸಂಬಳ ಪಡೆದವರು ನೋಡದೆ ಹೋದದ್ದರ ನಷ್ಟ ಬೇರೆಯ ತರಹದ್ದು, ಅದಕ್ಕೆ ಪಂಚನಾಮೆಯೂ ಇಲ್ಲ, ಪರಿಹಾರವೂ ಇಲ್ಲ. ಅಭಯಾರಣ್ಯದ ನೀಲಗಿರಿಯನ್ನು ಹಂತಹಂತವಾಗಿ ತೆಗೆದು ಹುಲ್ಲು ಮರಳಲು ಬಿಡುವುದು ಆಗದ ಕೆಲಸವಲ್ಲ. ಕುರಿಗಾರರನ್ನು ಕೇಳಿದರೆ ಯಾವ ಹುಲ್ಲು ಎಲ್ಲಿ ಏಳುತ್ತದೆಂದು ಅವರೇ ಹೇಳಿಯಾರು. ಎರೆಭೂತ ಬಂದೀತೆಂಬ ಆಸೆ ಬೇಡ. ಚಿಗರಿಗಾದರೂ ರೈತನ ಮೊಳಕೆ ಬಿಟ್ಟು ಬೇರೆ ಊಟ ಸಿಕ್ಕೀತು, ತೋಳಕ್ಕೆ ಕುರಿಹಟ್ಟಿ ಬಿಟ್ಟು ಬೇರೆ ಬೇಟೆ ಸಿಕ್ಕೀತು.

ಆದ್ದರಿಂದ ವನಮಹೋತ್ಸವದ ಮಹನೀಯರಲ್ಲಿ ಒಂದು ವಿನಂತಿ. ಬರುವ ಜುಲೈನಲ್ಲಿ ನೀವು ಸಸಿ, ಸಲಿಕೆ, ಶಾಮಿಯಾನ, ಛಾಯಾಗ್ರಾಹಕರ ಸಮೇತ ದೇವರಗುಡ್ಡದ ಸುತ್ತಲಿನ ಬಯಲಿಗೆ ಬಂದರೆ ದಯವಿಟ್ಟು ಭಾಷಣ ಮುಗಿಸಿ, ಉಪ್ಪಿಟ್ಟು ತಿಂದು, ಸಸಿಗಳನ್ನು ಅದೇ ಲಾರಿಯಲ್ಲಿ ವಾಪಸ್ ಕೊಂಡೊಯ್ಯಿರಿ. ರಾಣೆಬೆನ್ನೂರಿನ ರಸ್ತೆಬದಿಯಲ್ಲಿ, ಶಾಲೆಯ ಅಂಗಳದಲ್ಲಿ, ನಿಮ್ಮ ಕಚೇರಿಯ ಮುಂದೆ ಅವನ್ನು ನೆಡಲು ಬೇಕಾದಷ್ಟು ಜಾಗವಿದೆ. ಹುಲ್ಲಿನಲ್ಲಿ ಗುಂಡಿ ತೋಡಬೇಡಿ.